ಕೊಸರು ಹಾಕುವ ಕೈ

ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಹೋದ ವಾರ ನಮ್ಮ ಓಣಿಗೆ ಬಂದಿದ್ದಳು. ಎಷ್ಟು ಸೀರೆ ಕೊಟ್ಟರೂ ಬೋಗುಣಿಗೆ ಇನ್ನೊಂದು ಬೇಕು ಎನ್ನುತ್ತಿದ್ದಳು. ನಾನೂ ಹಟಕ್ಕೆ ಬಿದ್ದೆ. ಟ್ರಂಕಿನ ತಳದಲ್ಲಿ ಸುರುಳಿ ಸುತ್ತಿಟ್ಟಿದ್ದ ಹಳೆಯದೊಂದು ಇಳಕಲ್ ಸೀರೆಯನ್ನು ಎಳೆದೆ. ಅದರೊಳಗಿಂದ ಒಂದು ಬ್ರಾಂದಿ ಬಾಟ್ಲಿ ಉರುಳಿಕೊಂಡು ಬಂತು. ಅದರ ಹಿಂದೆಯೇ ಪುಟ್ಟ ಸ್ಟೀಲ್ ಬಟ್ಟಲೊಂದು ಠಣ್ಣೆಂದು ನೆಲಕ್ಕೆ ಬಿತ್ತು. ಆ ಹೆಂಗಸು ಬಾಟ್ಲಿ ನೋಡಿದಳು, ನನ್ನ ಹಣೆಯ ವಿಭೂತಿ ನೋಡಿದಳು, ಮತ್ತೆ ಬಾಟ್ಲಿ ನೋಡಿದಳು. "ಇರ್ಲಿ ಬಿಡವ್ವಾ, ಎಲ್ಲಾರ ಮನ್ಯಾಗೂ ಇರ್ತೈತಿ" ಎಂದು ನನ್ನನ್ನೇ ಸಮಾಧಾನ ಮಾಡಿದಳು.

ಬಾಟ್ಲಿ ಖಾಲಿ. ಮೂಗಿಗೆ ಹಿಡಿದರೆ ಟ್ರಂಕಿನ ನುಸಿಗುಳಿಗೆಯ ವಾಸನೆ ಬಿಟ್ಟು ಬೇರೇನೂ ಇಲ್ಲ. ಲೇಬಲ್ ಇರಬೇಕಾದ ಜಾಗದಲ್ಲಿ, ಬುಡದಿಂದ ಕುತ್ತಿಗೆಯವರೆಗೆ, ಅನ್ನದ ಗಂಜಿಯಿಂದ ಅಂಟಿಸಿದ ಕಾಗದದ ಪಟ್ಟಿ. ಪಟ್ಟಿಯ ಮೇಲೆ ಬಾಲ್‌ಪೆನ್ನಿನಲ್ಲಿ ಎಳೆದ ಹನ್ನೊಂದು ಅಡ್ಡಗೆರೆ. ಎಲ್ಲಕ್ಕಿಂತ ಕೆಳಗಿನ ಗೆರೆಯ ಪಕ್ಕದಲ್ಲಿ 'ಒಂದು' ಎಂದು ಇರಲಿಲ್ಲ, ನನ್ನದೇ ಅಕ್ಷರದಲ್ಲಿ 'ಲಾಭ' ಎಂದು ಬರೆದಿತ್ತು.

ಸೀರೆ ಕೊಡಲಿಲ್ಲ, ಬೋಗುಣಿಯೂ ಬರಲಿಲ್ಲ. ಆ ಹೆಂಗಸು ಗೊಣಗುತ್ತ ಬುಟ್ಟಿ ಹೊತ್ತು ಹೋದಳು. ನಾನು ಬಾಟ್ಲಿಯನ್ನು ಮಡಿಲಲ್ಲಿಟ್ಟುಕೊಂಡು ನಡುಮನೆಯಲ್ಲಿ ಕೂತೇ ಇದ್ದೆ… ಕಾಕಾ ನೆನಪಾದರು.

ನಾನು ಹರಪನಹಳ್ಳಿಯ ಮಗಳು. ಹಗರಿಬೊಮ್ಮನಹಳ್ಳಿಯ ಈ ಮನೆಗೆ ಸೊಸೆಯಾಗಿ ಬಂದಾಗ ತೊಂಬತ್ತರ ದಶಕ ಇನ್ನೂ ಹೊಸದು. ಆಗ ನಮ್ಮ ಮಾವನವರದು ಎಣ್ಣೆ ಅಂಗಡಿ. ಶೇಂಗಾ ಎಣ್ಣೆ, ಕುಸುಬಿ ಎಣ್ಣೆ. ಎತ್ತರದ ಡಬ್ಬಿಗಳ ಸಾಲು, ಅವುಗಳ ಮುಂದೆ ಉದ್ದ ಹಿಡಿಕೆಯ ತಗಡಿನ ಅಳತೆಗಳು. ಆ ಅಳತೆಗಳ ಹಿಂದೆ ಕಾಕಾ. ಅವರು ನಮ್ಮ ಬಳಗದವರಲ್ಲ. ಹೊಳಲು ಕಡೆಯವರು. ಅವರ ಅಪ್ಪ ಊರಲ್ಲಿ ಗಾಣ ಇಟ್ಟಿದ್ದರಂತೆ. ಮಿಲ್ಲು ಬಂದ ಮೇಲೆ ಗಾಣ ನಿಂತಿತು, ಮಗ ನಮ್ಮ ಮಾವನ ಅಂಗಡಿಗೆ ಅಳತೆಯವನಾಗಿ ಬಂದ. ನಾನು ಬರುವ ಹೊತ್ತಿಗೆ ಅವರ ಮೀಸೆ ಬೆಳ್ಳಗಾಗಿತ್ತು. ಮನೆಯಲ್ಲಿ ದೊಡ್ಡವರು ಸಣ್ಣವರು ಎಲ್ಲರಿಗೂ ಅವರು ಕಾಕಾ. ಮಾವ ಒಬ್ಬರು ಮಾತ್ರ 'ಲೇ' ಎನ್ನುತ್ತಿದ್ದರು.

ಕಾಕಾ ಎಣ್ಣೆ ಅಳೆಯುವುದನ್ನು ನೋಡಲು ಚೆಂದ. ಅಳತೆಯನ್ನು ಡಬ್ಬಿಗೆ ಇಳಿಸಿ, ಅಂಚು ಮುಟ್ಟುವಂತೆ ತುಂಬಿಸಿ, ಒಂದು ತೊಟ್ಟೂ ಚೆಲ್ಲದಂತೆ ಎತ್ತಿ, ಗಿರಾಕಿಯ ಬಾಟ್ಲಿಗಿಟ್ಟ ಲಾಳಿಕೆಗೆ ಸುರಿಯುತ್ತಿದ್ದರು. ಅಳೆದದ್ದು ಬಾಟ್ಲಿಗೆ ಇಳಿದ ಮೇಲೆ ಕೈ ಮತ್ತೊಮ್ಮೆ ಡಬ್ಬಿಗೆ ಹೋಗಿ ಬಂದು, ಚುಳಕ್ ಎಂದು ಒಂದಿಷ್ಟು ಮೇಲೆ ಹಾಕುತ್ತಿತ್ತು. ಅದು ಕೊಸರು. ನಮ್ಮ ಕಡೆ ಸಂತೆಯಲ್ಲಿ ಯಾರೇ ಏನೇ ಅಳೆದು ಕೊಡಲಿ, ಅಳತೆ ಮುಗಿದ ಮೇಲೆ ಒಂದಿಷ್ಟು ಕೊಸರು ಹಾಕಬೇಕು. ಹಾಕದಿದ್ದರೆ ಗಿರಾಕಿ ಚೀಲದ ಬಾಯಿ ಮುಚ್ಚುವುದಿಲ್ಲ, ಹಿಡಿದುಕೊಂಡೇ ನಿಂತಿರುತ್ತಾನೆ. ಎಣಿಕೆಯೂ ಹಾಗೇ. ಮೊದಲನೆಯ ಅಳತೆಗೆ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಲಾಭ, ಎರಡು, ಮೂರು… ಕಾಕಾನ ಬಾಯಲ್ಲಿ ಇದು ಮಂತ್ರದ ಹಾಗೆ ನಡೆಯುತ್ತಿತ್ತು.

ಆಮೇಲೆ ಪ್ಯಾಕೆಟ್ ಎಣ್ಣೆ ಬಂತು. ಜನ ಹಲ್ಲಿನಿಂದ ಕಚ್ಚಿ ಹರಿದು ಸುರಿದುಕೊಳ್ಳುವ ಎಣ್ಣೆಗೆ ಅಳತೆಯವನೇಕೆ ಬೇಕು? ಅಂಗಡಿ ಬಡವಾಯಿತು. ಆಗ ನಮ್ಮ ಬಾವ, ಅಂದರೆ ನನ್ನ ಯಜಮಾನರ ಅಣ್ಣ, ಯಾರ್ಯಾರನ್ನೋ ಹಿಡಿದು ಲೈಸೆನ್ಸ್ ತಂದು, ಅದೇ ಅಂಗಡಿಯನ್ನು ಹಿಂದಕ್ಕೆ ಬೆಳೆಸಿ ಬಾರ್ ಅಂಡ್ ರೆಸ್ಟೋರೆಂಟ್ ಮಾಡಿದರು. ಲಿಂಗ ಕಟ್ಟಿದ ಮನೆಯಲ್ಲಿ ಇದೇನು ಬಂತಪ್ಪ ಎಂದು ಅತ್ತೆ ಎರಡು ದಿನ ಊಟ ಬಿಟ್ಟರು. ಊರಿನವರು ಮಾತ್ರ "ಎಣ್ಣಿ ಅಂಗಡಿ ಎಣ್ಣಿ ಅಂಗಡಿನೇ ಉಳೀತು ಬಿಡ್ರಿ" ಎಂದು ನಕ್ಕರು. ಮಾವ ನಗಲಿಲ್ಲ, ಬೈಯಲೂ ಇಲ್ಲ. ಬಾರಿನ ಮೆಟ್ಟಿಲನ್ನಂತೂ ಹತ್ತಲಿಲ್ಲ. ಒಂದೇ ಒಂದು ಮಾತು ಹೇಳಿದರು. "ನಂಬಿಕಿ ಇರೋ ಕೈ ಒಂದಾರ ಇರ್ಲಿ ಅಲ್ಲಿ. ಅವನ್ನ ಕುಂದ್ರಿಸು."

ಹಾಗೆ ಕಾಕಾ ಬಾರಿನ ಕೌಂಟರಿಗೆ ಹೋದರು. ಬಾಯಿಗೆ ಒಂದು ಹನಿ ಸೋಕಿಸಿದವರಲ್ಲ. ದಿನಾ ಕೆಲಸ ಬಿಟ್ಟು ಹೋಗುವಾಗ ನಮ್ಮ ಹಿತ್ತಲಿಗೆ ಬಂದು, ಸೀಗೆಪುಡಿ ಹಾಕಿ ಮೊಳಕೈತನಕ ತೊಳೆದು, ಮೂಸಿ ನೋಡಿ, ಮತ್ತೆ ತೊಳೆಯುತ್ತಿದ್ದರು. "ಶೇಂಗಾ ಎಣ್ಣಿ ವಾಸ್ನಿ ಕೈತುಂಬ ಇರ್ತಿತ್ತು, ನಮ್ಮಾಕಿ ಒಂದಿನಾ ಏನೂ ಅಂದಿದ್ದಿಲ್ಲ ತಂಗೆಮ್ಮಾ. ಇದಕ್ಕ ಮೂಗು ಮುಚ್ಚಿಕೆಂತಾಳ" ಎನ್ನುತ್ತಿದ್ದರು. ನನ್ನನ್ನು ತಂಗೆಮ್ಮ ಎಂದೇ ಕರೆಯುತ್ತಿದ್ದರು.

ಬಾವ ವ್ಯಾಪಾರದಲ್ಲಿ ಚುರುಕು, ಮನಸ್ಸಿನಿಂದ ಕೆಟ್ಟವರೇನಲ್ಲ. ನನ್ನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ತಮ್ಮನ ಹೆಂಡತಿಯೊಡನೆ ಮುಖ ಕೊಟ್ಟು ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ನನಗೆ ಹೇಳಬೇಕಾದ್ದನ್ನೆಲ್ಲ ಅತ್ತೆಯ ಕಡೆ ತಿರುಗಿ ಹೇಳುತ್ತಿದ್ದರು. ಒಂದು ದಿನ ಊಟಕ್ಕೆ ಕೂತವರು ಅತ್ತೆಯ ಮುಖ ನೋಡಿ ಬಾರಿನ ಸ್ಟಾಕಿನ ಲೆಕ್ಕ ಶುರು ಮಾಡಿದರು. ಪಾಪ, ಅತ್ತೆಗೆ ಅದೊಂದೂ ತಿಳಿಯದು; ರೊಟ್ಟಿ ತಟ್ಟುತ್ತ ಹೂಂ ಹೂಂ ಎನ್ನುತ್ತಿದ್ದರು. ಕೇಳಿಸಿಕೊಳ್ಳಬೇಕಾದವಳು ನಾನು.

ವಿಷಯ ಇಷ್ಟು. ಬಾರಿನಲ್ಲಿ ಬಿಯರಿನ ಲೆಕ್ಕ ಸುಲಭ, ಒಂದು ಬಾಟ್ಲಿ ಒಂದೇ. ಕ್ವಾರ್ಟರ್ ಅಂದರೆ ನೂರಾ ಎಂಬತ್ತು ಎಂ.ಎಲ್., ಸೀಲ್ ಒಡೆಯದೆ ಕೊಡುವುದು, ಅದೂ ಸುಲಭ. ತೊಂದರೆ ಇರುವುದು ಫುಲ್ ಬಾಟ್ಲಿಯದು. ಏಳುನೂರಾ ಐವತ್ತರ ಆ ಬಾಟ್ಲಿಯನ್ನು ಒಡೆದು ಅರವತ್ತರ ಪೆಗ್ ಹಾಕಿ ಮಾರಿದರೆ ಹನ್ನೆರಡು ಪೆಗ್ ಬಂದು ಇನ್ನೂ ಅರ್ಧ ಪೆಗ್ ಉಳಿಯಬೇಕು. ಸಪ್ಲೈಯರ್‌ಗಳ ಚೀಟಿ ಕೂಡಿಸಿದರೆ ಹನ್ನೊಂದಕ್ಕೇ ಬಾಟ್ಲಿ ಖಾಲಿ. ಪ್ರತಿ ಬಾಟ್ಲಿಯಲ್ಲೂ ಒಂದೂವರೆ ಪೆಗ್ ಎಲ್ಲಿಗೋ ಹೋಗುತ್ತಿತ್ತು. ಕೌಂಟರಿನಲ್ಲಿ ಬಾಟ್ಲಿ ಮುಟ್ಟುವ ಕೈ ಒಂದೇ ಒಂದು.

"ಕಾಕಾ ಕುಡೀತಾನ ಅಂತ ನಾ ಅನ್ನಾಂಗಿಲ್ಲವ್ವಾ" ಎಂದರು ಬಾವ ಅತ್ತೆಗೆ. "ಆದ್ರ ಯಾರಿಗೋ ಕೊಡಾಕತ್ಯಾನ. ಈ ತಿಂಗಳ ಸ್ಟಾಕ್ ಚೊಕ್ಕ ತಗೀತೀನಿ. ಹೊಂದ್ಲಿಲ್ಲಂದ್ರ ಅವನ್ನ ಮನಿಗೆ ಕಳಸೋದ. ಅಪ್ಪಗ ನಾನ ಹೇಳ್ತೀನಿ."

ಅತ್ತೆಯ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆ ಹೊತ್ತಿತು.

ಸ್ಟಾಕ್ ಚೊಕ್ಕ ತೆಗೆಯಲು ಅಳತೆಗಳನ್ನು ಕಟ್ಟಿಕೊಡುವ ಕೆಲಸ ನನಗೆ ಬಂತು. ನಾನು ಬಿ.ಕಾಂ. ಓದಿದವಳು ಎನ್ನುವುದು ಒಂದು ಕಾರಣ. ನನ್ನ ಯಜಮಾನರು ಕೂಡ್ಲಿಗಿಯಲ್ಲಿ ಹೈಸ್ಕೂಲ್ ಮೇಷ್ಟ್ರು, ಬಾರಿನ ದಿಕ್ಕಿಗೆ ತಲೆ ಹಾಕಿಯೂ ಮಲಗುವವರಲ್ಲ ಎನ್ನುವುದು ಇನ್ನೊಂದು. ನನಗೊಂದು ಉಪಾಯ ಹೊಳೆಯಿತು. ಒಡೆದು ಅರ್ಧ ಮಾರಿದ ಬಾಟ್ಲಿಯಲ್ಲಿ ಎಷ್ಟು ಪೆಗ್ ಉಳಿದಿದೆ ಎಂದು ಬರೀ ಕಣ್ಣಿಗೆ ತಿಳಿಯುವುದಿಲ್ಲ. ಒಂದು ಗುಂಡು, ಒಂದು ಚಪ್ಪಟೆ, ಒಂದು ಚೌಕ, ಇನ್ನೊಂದರ ತಳ ಒಳಕ್ಕೆ ಉಬ್ಬಿರುತ್ತದೆ. ಆದ್ದರಿಂದ ಪ್ರತಿ ನಮೂನೆಯ ಒಂದು ಖಾಲಿ ಬಾಟ್ಲಿ ತೆಗೆದುಕೊಂಡು, ಪೆಗ್ ಬಟ್ಟಲಿನಿಂದ ನೀರು ಅಳೆದು ಹಾಕುತ್ತ, ಪ್ರತಿ ಪೆಗ್ಗಿಗೂ ಪಟ್ಟಿಯ ಮೇಲೆ ಗೆರೆ ಎಳೆಯುವುದು. ಸ್ಟಾಕ್ ತೆಗೆಯುವ ದಿನ ಒಡೆದ ಬಾಟ್ಲಿಯ ಪಕ್ಕ ಈ ಪಟ್ಟಿ ಬಾಟ್ಲಿ ಇಟ್ಟು, ಯಾವ ಗೆರೆಗೆ ಬಂದಿದೆ ನೋಡಿದರೆ ಮುಗಿಯಿತು.

ಬಾರಿನೊಳಗೆ ಮನೆಯ ಹೆಂಗಸರು ಕಾಲಿಡುವಂತಿಲ್ಲ. ಹಾಗಾಗಿ ಬಾಟ್ಲಿಗಳೇ ನಮ್ಮ ಹಿತ್ತಲಿಗೆ ಬಂದವು. ಒಂದು ಬೆಳಗ್ಗೆ ಕಾಕಾ ಗೋಣಿಚೀಲದಲ್ಲಿ ಅವನ್ನು ಹೊತ್ತು ತಂದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸಾಲಾಗಿ ನಿಲ್ಲಿಸಿದರು. ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಮೇಲಿಂದ ಇಣುಕಿ, "ಯವ್ವಾ ಶಿವನ! ಮಾಸ್ತರನ ಹೆಂಡ್ತಿ ಹೊತ್ತು ಹುಟ್ಟೋದರಾಗ ಬಾಟ್ಲಿ ಹಿಡದಾಳಲ್ಲೇ!" ಎಂದು ಕೂಗಿದಳು. "ನಿಮಗೂ ಒಂಚೂರು ಹಾಕ್ಲೇನಜ್ಜಿ?" ಎಂದೆ. "ಹಾಕು ಮತ್ತ" ಎಂದಳು. ಕಾಕಾ ನಗಲಿಲ್ಲ. ತಲೆ ತಗ್ಗಿಸಿ ಚೆಂಬಿನಲ್ಲಿ ನೀರು ತುಂಬುತ್ತಿದ್ದರು. ಮನೆಯ ಒಳಗಿನ ಮಾತು ಅವರ ಕಿವಿಗೂ ಬಿದ್ದಿತ್ತು.

"ತಂಗೆಮ್ಮಾ," ಎಂದರು ಮೆಲ್ಲಗೆ, "ನನ್ ತೆಗದ್ರ ತೆಗೀಲಿ. ಕದ್ದಾನ ಅಂದು ತೆಗೀಬ್ಯಾಡ್ರಿ ಅಂತ ಹೇಳ್ರಿ. ಈ ಮನ್ಯಾಗ ಮೂವತ್ತ ವರ್ಷ ಅಳತಿ ಹಿಡದೀನಿ. ಹೊಳಲಿಗೆ ಹೋಗಿ ನಮ್ಮವರ ಮುಂದ ಏನಂತ ಹೇಳ್ಲಿ?"

ನಾನು ಪೆನ್ನು ಕೈಗೆತ್ತಿಕೊಂಡೆ. "ಮೊದ್ಲು ಅಳೀರಿ ಕಾಕಾ" ಎಂದೆ.

ಅಳೆದರು. ಚೆಂಬಿನಿಂದ ಸ್ಟೀಲ್ ಬಟ್ಟಲಿಗೆ ಅಂಚುತನಕ ನೀರು, ಬಟ್ಟಲಿನಿಂದ ಲಾಳಿಕೆಗೆ. "ಲಾಭ" ಎಂದರು. ನಾನು ಗೆರೆ ಎಳೆದು ಒಂದು ಎಂದು ಬರೆಯಹೊರಟೆ. "ಒಂದು ಅಂತ ಬರೀಬಾರ್ದವ್ವ, ಲಾಭ ಅಂತ ಬರೀರಿ. ಏನ ಮಾರ್ಲಿ, ಅಳತಿ ಅಳತಿನ" ಎಂದರು. ಬರೆದೆ. ಎರಡು, ಮೂರು, ನಾಲ್ಕು… ಹನ್ನೊಂದಕ್ಕೆ ನೀರು ಕುತ್ತಿಗೆಗೆ ಬಂತು. ಹನ್ನೆರಡನೆಯದು ಹಾಕಿದರೆ ತುಂಬಿ ಹೊರಚೆಲ್ಲಿತು.

ನಾನು ಬಾಟ್ಲಿಯ ಮೇಲೆ ಅನುಮಾನಪಟ್ಟೆ. ಇನ್ನೊಂದು ತೆಗೆದುಕೊಂಡೆವು, ಅದೂ ಹನ್ನೊಂದು. ಆಮೇಲೆ ಬಟ್ಟಲಿನ ಮೇಲೆ ಅನುಮಾನಪಟ್ಟೆ. ಮಗುವಿನ ಟಾನಿಕ್ಕಿನ ಮುಚ್ಚಳದಿಂದ ಅಳೆದು ನೋಡಿದೆ. ಬಟ್ಟಲು ಸರಿಯಾಗಿ ಅರವತ್ತೇ ಇತ್ತು. ಬಿಸಿಲು ಏರಿತು, ನನ್ನ ಸೆರಗೆಲ್ಲ ಒದ್ದೆಯಾಯಿತು, ನನ್ನ ಬಿ.ಕಾಂ. ಪದವಿ ಚೆಂಬಿನ ನೀರಿನಲ್ಲಿ ಮುಳುಗಿ ಹೋಯಿತು. ಕೊನೆಗೆ ಪೆನ್ನು ಕೆಳಗಿಟ್ಟು, ಗೆರೆ ನೋಡುವುದು ಬಿಟ್ಟು, ಕಾಕಾನ ಕೈ ನೋಡುತ್ತ ಕೂತೆ.

ಬಟ್ಟಲು ತುಂಬಿತು. ಲಾಳಿಕೆಗೆ ಇಳಿಯಿತು. ಬಟ್ಟಲು ಪಕ್ಕಕ್ಕೆ ಹೋಯಿತು. ಎಡಗೈಯಲ್ಲಿದ್ದ ಚೆಂಬು ತಾನಾಗಿಯೇ ಬಾಗಿ ಲಾಳಿಕೆಗೆ ಚುಳಕ್ ಎಂದು ಒಂದಿಷ್ಟು ಹಾಕಿ, ಮತ್ತೆ ನೆಟ್ಟಗಾಯಿತು.

"ಈಗೇನ್ ಹಾಕಿದ್ರಿ ಕಾಕಾ?"

"ಏನು ಹಾಕ್ದೆ? ಒಂದು ಅಳತಿ ಹಾಕ್ದೆ."

"ಅದ್ರ ಮ್ಯಾಲೆ?"

"ಮ್ಯಾಲೇನಿಲ್ಲವಾ."

ಅವರು ಸುಳ್ಳು ಹೇಳುತ್ತಿರಲಿಲ್ಲ. ತಾನು ಕೊಸರು ಹಾಕುತ್ತಿದ್ದೇನೆ ಎನ್ನುವುದು ಅವರಿಗೇ ಗೊತ್ತಿರಲಿಲ್ಲ. ಮತ್ತೊಮ್ಮೆ ಹಾಕಲು ಹೇಳಿ, ಚೆಂಬು ಬಾಗುವ ಹೊತ್ತಿಗೆ ಕೈ ಹಿಡಿದು ನಿಲ್ಲಿಸಿದೆ. ಕಾಕಾ ಬಾಗಿದ ಚೆಂಬನ್ನು ನೋಡಿದರು, ನನ್ನನ್ನು ನೋಡಿದರು. ಕಲ್ಲಿನ ಮೇಲೆ ಹಾಗೇ ಕುಸಿದು ಕೂತರು. "ಅಯ್ಯ ಶಿವನ… ನಾ ಬ್ರಾಂದಿಗೂ ಕೊಸರು ಹಾಕ್ಕೆಂತ ಕುಂತೀನಲ್ಲ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ನಕ್ಕೆ, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಮೊದಲಿಗೆ ಅವರೂ ನಕ್ಕರು. ಆಮೇಲೆ ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡರು; ಅದು ನಗುವಿನ ನೀರಲ್ಲ.

ಬಾವನಿಗೆ ಅವತ್ತೇ ಹೇಳಿದೆ, ಅತ್ತೆಯ ಮೂಲಕ. ಕಳುವಲ್ಲ, ಕೊಸರು ಎಂದು. ಬಾವನಿಗೂ ನಿರಾಳವಾಯಿತು, ಎಷ್ಟಾದರೂ ಸಣ್ಣವರಿದ್ದಾಗ ಕಾಕಾನ ಹೆಗಲ ಮೇಲೆ ಕೂತು ಕೊಟ್ಟೂರ ಸಂತೆ ನೋಡಿದವರು. ನಗುತ್ತಲೇ, "ಹಾಕಬ್ಯಾಡ ಅಂತ ಹೇಳು, ಮುಗೀತು" ಎಂದರು.

ಮುಗಿಯಲಿಲ್ಲ. ಕಾಕಾ ಪ್ರಯತ್ನಪಟ್ಟರು. ಬಾಟ್ಲಿ ಹಿಡಿದ ಕೈಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದರು. ಬಟ್ಟಲು ಗ್ಲಾಸಿಗೆ ಇಳಿದ ಕೂಡಲೇ ಬಾಟ್ಲಿಗೆ ಬಿರಡೆ ಜಡಿದರು. ಆದರೆ ಗಿರಾಕಿಗಳಿಗೂ ರೂಢಿಯಾಗಿತ್ತು. ಮಿಲ್ಲಿನ ಹಮಾಲನೊಬ್ಬ ಗ್ಲಾಸು ಎತ್ತಿಕೊಳ್ಳದೆ ಅಲ್ಲೇ ನಿಂತನಂತೆ. ಇಟ್ಟಿಗಿ ಊರಿನಿಂದ ಬಂದು ದಿನವಿಡೀ ಚೀಲ ಹೊತ್ತು, ಸಂಜೆ ಒಂದೇ ಒಂದು ಪೆಗ್ ತೆಗೆದುಕೊಂಡು ಬಸ್ ಹಿಡಿಯುವವನು. "ಯಾಕ್ರಿ ಕಾಕಾ, ನನ್ ಮ್ಯಾಲ ಏನರ ಸಿಟ್ಟು ಐತೇನ್ರಿ?" ಎಂದು ಕೇಳಿದನಂತೆ. ಹಿತ್ತಲಲ್ಲಿ ಕೈ ತೊಳೆಯುತ್ತ ಕಾಕಾ ಇದನ್ನು ನನಗೆ ಹೇಳಿದರು. "ಏನ್ ಹೇಳ್ಲಿ ತಂಗೆಮ್ಮಾ ಅವಗ? ಸಾವ್ಕಾರ್ರ ಮಗ ಬ್ಯಾಡ ಅಂದಾನ ಅಂತ ಹೇಳ್ಲಾ? ಬಿರಡಿ ತೆಗದು ಹಾಕಿಬಿಟ್ಟೆ. ಅವಗ ಹಾಕಿ ಉಳದವರಿಗೆ ಹ್ಯಾಂಗ ಬಿಡ್ಲಿ? ಎಲ್ಲಾರಿಗೂ ಹಾಕ್ದೆ."

ಕುಡಿತ ಒಳ್ಳೆಯದೆಂದು ನಾನು ಆವತ್ತೂ ಅಂದುಕೊಂಡವಳಲ್ಲ, ಇವತ್ತೂ ಅಲ್ಲ. ಆ ಬಾರಿನಿಂದ ಎಷ್ಟು ಮನೆಯ ಒಲೆ ಆರಿತೋ ಶಿವನೇ ಬಲ್ಲ. ಆದರೂ ಆ ಹಮಾಲ ಕೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

ಬಾವ ಇದಕ್ಕೂ ಒಂದು ದಾರಿ ಹುಡುಕಿದರು. ಸಂತೆ ಬಯಲಿನ ಪಕ್ಕ ಲೇತ್ ಮಷಿನ್ ಇಟ್ಟುಕೊಂಡಿದ್ದ ಸಾಬರ ಹತ್ತಿರ ಹೋಗಿ ಒಂದು ಪೆಗ್ ಬಟ್ಟಲಿನ ಅಂಚು ತೇಯಿಸಿಕೊಂಡು ಬಂದರು. ಕಾಕಾ ಹಾಕುವ ಕೊಸರು ಎಷ್ಟೋ ಅಷ್ಟು ಬಟ್ಟಲಿನಲ್ಲಿ ಕಡಿಮೆ. ಬಟ್ಟಲೂ ಕೊಸರೂ ಸೇರಿ ಸರಿಯಾಗಿ ಅರವತ್ತು. ಮುಚ್ಚುಮರೆ ಏನೂ ಮಾಡಲಿಲ್ಲ, ಖುಷಿಯಿಂದಲೇ ಬಟ್ಟಲನ್ನು ಕಾಕಾನ ಕೈಗಿಟ್ಟು, "ನೋಡು ಕಾಕಾ, ಇನ್ನ ನೀ ಎಷ್ಟ್ ಬೇಕಾದ್ರೂ ಕೊಸರು ಹಾಕು. ಗಿರಾಕಿಗೂ ಮೋಸಿಲ್ಲ, ನಮಗೂ ಲುಕ್ಸಾನಿಲ್ಲ. ನಿನ್ ಕೈನೂ ಕಟ್ಟಾಂಗಿಲ್ಲ" ಎಂದರಂತೆ. ಲೆಕ್ಕಕ್ಕೆ ನೋಡಿದರೆ ಬಾವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾನೂ ತಲೆಯಲ್ಲಿ ಕೂಡಿಸಿ ನೋಡಿದ್ದೆ, ಸರಿಯಿತ್ತು.

ಅವತ್ತು ಮಧ್ಯಾಹ್ನ ಕಾಕಾ ಬಾರಿನಿಂದ ಎದ್ದು ನೇರವಾಗಿ ಮನೆಗೆ ಬಂದರು. ಮಾವ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ನಾನು ಬಾಗಿಲ ಸಂದಿಯಲ್ಲಿ ಶೇಂಗಾ ಒಡೆಯುತ್ತಿದ್ದೆ. ಕಾಕಾ ಆ ಬಟ್ಟಲನ್ನು ಮಾವನ ಮುಂದೆ ನೆಲದ ಮೇಲಿಟ್ಟು ನಿಂತರು. ಅವರು ದನಿ ಎತ್ತಿದ್ದನ್ನು ನಾನು ಕೇಳಿಯೇ ಇರಲಿಲ್ಲ, ಅವತ್ತೂ ಎತ್ತಲಿಲ್ಲ.

"ಸಾವ್ಕಾರ್ರ, ನನ್ ಮನಿಗೆ ಕಳಸ್ರಿ. ಈ ಅಳತಿ ಹಿಡಿಯೋದು ನನ್ ಕೈಲಿ ಆಗಾಂಗಿಲ್ಲ."

ಅವರ ಹಿಂದೆಯೇ ಬಾವನೂ ಬಂದಿದ್ದರು. "ಯಪ್ಪಾ, ಲೆಕ್ಕ ಸರಿ ಐತಿ. ಯಾರಿಗೂ ಕಡಿಮಿ ಬೀಳಾಂಗಿಲ್ಲ. ಇವ ಕೊಸರು ಹಾಕಿದ್ರ ಅರವತ್ತು ತುಂಬತೈತಿ."

ಕಾಕಾ ಬಾವನ ಕಡೆ ತಿರುಗಿದರು. "ತುಂಬತೈತಿ ಸಣ್ ಸಾವ್ಕಾರ್ರ, ನಾ ಇಲ್ಲ ಅನ್ನಾಂಗಿಲ್ಲ. ಆದ್ರ ಕೊಸರು ಅಂದ್ರ ಅಳತಿ ತುಂಬಿದ ಮ್ಯಾಲಿಂದು. ಅಳತಿ ತುಂಬ್ಸಾಕ ಹಾಕಿದ್ದು ಕೊಸರಲ್ರಿ. ಅವ್ರದ ಅವ್ರಿಗೆ ಕೊಟ್ಟು, ನಂದೇನೋ ಕೊಟ್ಟಂಗ ಮುಖ ಮಾಡ್ಬೇಕು ನಾ. ಅದೊಂದು ಬ್ಯಾಡ್ರಿ."

ನಾನು ಶೇಂಗಾ ಒಡೆಯುವುದನ್ನು ನಿಲ್ಲಿಸಿದ್ದೆ. ಮಾವ ಬಟ್ಟಲು ಎತ್ತಿಕೊಂಡು ತೇದ ಅಂಚಿನ ಮೇಲೆ ಹೆಬ್ಬೆರಳು ಸುತ್ತಿಸಿದರು. ಎದ್ದು ಒಳಗೆ ಹೋಗಿ ಮೊಳೆ ಸುತ್ತಿಗೆ ತಂದರು. ಬಟ್ಟಲನ್ನು ಹೊಸ್ತಿಲ ಕಲ್ಲಿನ ಮೇಲೆ ಬೋರಲು ಹಾಕಿ, ತಳಕ್ಕೆ ಮೊಳೆ ಹೊಡೆದು ತೂತು ಮಾಡಿ, ತಿಪ್ಪೆಯ ಕಡೆ ಎಸೆದರು. ಇನ್ನು ಅದರಲ್ಲಿ ಯಾರೂ ಏನೂ ಅಳೆಯುವ ಹಾಗಿರಲಿಲ್ಲ. ಆಮೇಲೆ ನಾನಿದ್ದ ಬಾಗಿಲಿನ ಕಡೆ ನೋಡಿ, "ಯವ್ವಾ, ನಿನ್ ಪಟ್ಟ್ಯಾಗ ಎಷ್ಟು ಗೆರಿ ಬಿದ್ದಾವು?" ಎಂದು ಕೇಳಿದರು.

"ಹನ್ನೊಂದು ಮಾವಾರೆ."

"ಅಷ್ಟ ಇರ್ಲಿ. ನಮ್ ಅಂಗಡಿ ಫುಲ್ಲಿಗೆ ಹನ್ನೊಂದ ಪೆಗ್ಗು. ಹಂಗ ಬರಕೊ." ಮಗನ ಕಡೆ ತಿರುಗಿ ಇಷ್ಟು ಹೇಳಿದರು: "ನೀ ಏನ್ ಬೇಕಾದ್ರೂ ಮಾರಪ್ಪ, ನಾ ಬ್ಯಾಡ ಅಂದಿಲ್ಲ. ಅವ ಇರೋತನ ಅವನ ಅಳತಿನ ಅಳತಿ." ಬಾವ ಕುತ್ತಿಗೆಯ ಹಿಂದೆ ಕೆರೆದುಕೊಂಡು, ಹೂಂ ಎಂದು ಒಳಗೆ ಊಟಕ್ಕೆ ನಡೆದರು. ಕಾಕಾ ಮಾತ್ರ ಕಂಬ ಹಿಡಿದುಕೊಂಡು ಅಲ್ಲೇ ನಿಂತಿದ್ದರು. "ಕುಂದ್ರಲೇ, ಊಟ ಮಾಡು" ಎಂದರು ಮಾವ.

ಹಿತ್ತಲಲ್ಲಿ ಕಾಕಾನ ಕೈಯಿಂದಲೇ ಎಲ್ಲ ನಮೂನೆಯ ಬಾಟ್ಲಿಗೂ ಮತ್ತೆ ನೀರು ಹಾಕಿಸಿ ಗೆರೆ ಎಳೆದೆ. ಈ ಸಲ ಕೈ ಹಿಡಿಯಲಿಲ್ಲ. ಹಾಫ್ ಬಾಟ್ಲಿಗೆ ಐದೂವರೆ, ಫುಲ್ಲಿಗೆ ಹನ್ನೊಂದು. ಆ ತಿಂಗಳ ಸ್ಟಾಕ್ ಹೊಂದಿತು, ಮುಂದಿನ ತಿಂಗಳದ್ದೂ ಹೊಂದಿತು. ಬೇರೆ ಬಾರುಗಳಲ್ಲಿ ಪೆಗ್ ಅಂದರೆ ಅರವತ್ತು, ನಮ್ಮಲ್ಲಿ ಅರವತ್ತು ಮತ್ತು ಕಾಕಾ. ಹಡಗಲಿ ರಸ್ತೆಯ ಲಾರಿಯವರೂ ನಮ್ಮಲ್ಲಿಗೇ ಬಂದು ನಿಲ್ಲಿಸುತ್ತಿದ್ದರು. ಲುಕ್ಸಾನೇನೂ ಕಾಣಲಿಲ್ಲ ಎಂದು ಬಾವ ಆಮೇಲೆ ಅತ್ತೆಯ ಮುಂದೆ ಒಪ್ಪಿಕೊಂಡರು, ಗೋಡೆಗೆ ಹೇಳುವ ಹಾಗೆ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು…

ಎರಡು ಸಾವಿರ ದಾಟಿದ ಮೇಲೆ ಜನರ ರೂಢಿ ಬದಲಾಯಿತು. ಒಡೆದ ಬಾಟ್ಲಿಯಿಂದ ಹಾಕಿಸಿಕೊಳ್ಳುವುದನ್ನು ಬಿಟ್ಟು, ಸೀಲ್ ಇರುವ ಕ್ವಾರ್ಟರ್ ಕೊಡಿ, ನೈಂಟಿ ಕೊಡಿ ಎನ್ನತೊಡಗಿದರು. ತೊಂಬತ್ತು ಎಂ.ಎಲ್.ನ ಆ ಪುಟ್ಟ ಬಾಟ್ಲಿ ಅಂಗೈಯಲ್ಲಿ ಅಡಗುತ್ತಿತ್ತು, ಯಾರೂ ಏನೂ ಅಳೆಯಬೇಕಿರಲಿಲ್ಲ. ಬಾವನಿಗೂ ಅದೇ ಅನುಕೂಲ. ಸ್ಟಾಕ್ ತೆಗೆಯುವುದೆಂದರೆ ಇಷ್ಟು ಬಂತು, ಇಷ್ಟು ಹೋಯಿತು, ಇಷ್ಟು ಉಳಿಯಿತು. ನನ್ನ ಪಟ್ಟಿ ಬಾಟ್ಲಿಗಳು ಮೂಲೆ ಸೇರಿದವು. ಪೆಗ್ ಬಟ್ಟಲು ವಾರಕ್ಕೊಮ್ಮೆ ತೊಳೆದರೆ ಹೆಚ್ಚು.

ಪ್ಯಾಕೆಟ್ ಬಂದು ಎಣ್ಣೆ ಅಳತೆ ಹೋದಾಗ ಕಾಕಾಗೆ ಹೋಗಲು ಇನ್ನೊಂದು ಕೌಂಟರ್ ಇತ್ತು. ಈಗ ಇರಲಿಲ್ಲ. ಆದರೆ ಕೈ ಕೇಳಬೇಕಲ್ಲ. ಸೀಲ್ ಬಾಟ್ಲಿ ಕೊಟ್ಟ ಮೇಲೂ ಅದು ಗಾಳಿಯಲ್ಲಿ ಒಂದು ಕ್ಷಣ ನಿಲ್ಲುತ್ತಿತ್ತಂತೆ. ಕೊನೆಗೆ ಅವರೇ ಒಂದು ಉಪಾಯ ಮಾಡಿದರು. ಮನೆಯಿಂದ ಹುರಿದ ಶೇಂಗಾ ತಂದು ಅಂಗಿಯ ಕಿಸೆಗೆ ತುಂಬಿಕೊಂಡು, ಒಂದು ಬಾಟ್ಲಿಗೆ ನಾಲ್ಕು ಕಾಳು ಕೊಸರು ಕೊಡತೊಡಗಿದರು. ಗಿರಾಕಿಗಳು ನಕ್ಕು ಕೈ ಚಾಚುತ್ತಿದ್ದರು. ಕಾಕಾನ ಹೆಂಡತಿ ನನ್ನ ಹತ್ತಿರ, "ಮನ್ಯಾಗ ಒಂದು ಕಾಳು ಶೇಂಗಾ ಉಳಿಯವಲ್ದು, ಈ ವಯಸ್ಸಿನ್ಯಾಗ ಹಲ್ಲು ಬ್ಯಾರೆ ಇಲ್ಲ, ಏನ್ ಮಾಡ್ತಾನ ಇಂವ?" ಎಂದು ದೂರಿದಳು. ನಾನು ಹೇಳಲಿಲ್ಲ.

ಸ್ವಲ್ಪ ದಿನಕ್ಕೆ ಬಾರಿನಲ್ಲಿ ಉಪ್ಪು ಖಾರ ಹಚ್ಚಿದ ಶೇಂಗಾದ ಸಣ್ಣ ಪ್ಯಾಕೆಟ್ ಮಾರಾಟಕ್ಕೆ ಬಂತು. ಕೌಂಟರಿನ ಮುಂದೆಯೇ ಸರದ ಹಾಗೆ ತೂಗುಹಾಕಿದರು. ಯಾರೂ ಬೇಕೆಂದು ಮಾಡಿದ್ದಲ್ಲ. ಎಲ್ಲ ಬಾರಿನಲ್ಲೂ ಬಂದಿತ್ತು, ನಮ್ಮಲ್ಲಿಯೂ ಬಂತು. ಅವತ್ತು ಸಂಜೆ ಕಾಕಾ ಹಿತ್ತಲಿಗೆ ಬಂದು, ಕೈ ತೊಳೆದು, ಕಿಸೆಯಲ್ಲಿದ್ದ ಶೇಂಗಾವನ್ನೆಲ್ಲ ನನ್ನ ಮಗನ ಕೈಗೆ ಸುರಿದರು. "ಇನ್ನ ನಂದೇನೈತಿ ತಂಗೆಮ್ಮಾ ಅಲ್ಲಿ? ಎಲ್ಲಾ ಮೊದ್ಲ ಅಳದು ಸೀಲ್ ಮಾಡಿ ಕಳಸ್ಯಾರ. ಮ್ಯಾಲ ಹಾಕಾಕ ಜಾಗಾನ ಬಿಟ್ಟಿಲ್ಲ" ಎಂದರು. ಮಾರನೆಯ ದಿನದಿಂದ ಬರಲಿಲ್ಲ. ಯಾರೂ ತೆಗೆಯಲಿಲ್ಲ, ಯಾರೂ ಕದ್ದ ಎನ್ನಲಿಲ್ಲ. ಅವರು ಹೆದರಿದ್ದು ಆಗಲಿಲ್ಲ. ಅವರು ಹೆದರದೇ ಇದ್ದದ್ದು ಆಗಿಹೋಯಿತು.

ಆಮೇಲೆ ಅವರು ಬಹಳ ದಿನ ಇರಲಿಲ್ಲ. ಕಾಯಿಲೆ ಎಂದು ಹೇಳುವಂಥದ್ದೇನೂ ಇರಲಿಲ್ಲ. ಮಲಗಿದವರು ಬೆಳಗ್ಗೆ ಏಳಲಿಲ್ಲ ಎಂದು ಅವರ ಹೆಂಡತಿ ಹೇಳಿ ಕಳಿಸಿದಳು. ಅವರಿಷ್ಟದಂತೆ ಹೊಳಲಿಗೇ ಒಯ್ದರು. ಮಣ್ಣಿಗೆ ನಮ್ಮ ಮನೆಯವರೆಲ್ಲ ಹೋದೆವು. ಮಾವನಿಗೆ ಆಗಲೇ ಕಾಲಿನ ತ್ರಾಣ ಹೋಗಿತ್ತು. ಬಾವ ಒಂದು ಕಡೆ, ನನ್ನ ಯಜಮಾನರು ಒಂದು ಕಡೆ ಹಿಡಿದು ನಡೆಸಿಕೊಂಡು ಹೋದರು. ವಿಭೂತಿ ಹಚ್ಚಿ, ಹೂವು ಹಾಕಿ ಕಾಕಾನನ್ನು ಕೂರಿಸಿದ್ದರು. ಬಲಗೈ ತೊಡೆಯ ಮೇಲಿತ್ತು, ಬೆರಳು ಸ್ವಲ್ಪ ಬಾಗಿದ್ದವು. ಅದರಲ್ಲಿ ಅಳತೆಯ ಹಿಡಿಕೆ ಇಲ್ಲದ್ದೇ ನನಗೆ ವಿಚಿತ್ರವಾಗಿ ಕಂಡಿತು.

ಎಲ್ಲರೂ ಸಾಲಾಗಿ ಬಂದು ಒಂದೊಂದು ಹಿಡಿ ಮಣ್ಣು ಹಾಕಿದರು. ಮಾವನೂ ಹಾಕಿದರು. ಬಾವ ಅವರ ತೋಳು ಹಿಡಿದು ಹಿಂದಕ್ಕೆ ಕರೆದುಕೊಳ್ಳಹೋದರೆ ಮುದುಕ ಜಗ್ಗಲಿಲ್ಲ. ಮತ್ತೆ ಬಾಗಿದರು. ಬೆರಳಿನಲ್ಲಿ ಇನ್ನೊಂದು ಚಿಟಿಕೆ ಮಣ್ಣು ಎತ್ತಿಕೊಂಡು, ಮೊದಲು ಹಾಕಿದ್ದರ ಮೇಲೆ ಹಾಕಿದರು. "ತಗೋಳಲೇ" ಎಂದರು. ಅಕ್ಕಪಕ್ಕದವರಿಗೆ ಅದೇನೆಂದು ಗೊತ್ತಾಗಿರಲಿಕ್ಕಿಲ್ಲ. ಬಾವನಿಗೆ ಗೊತ್ತಾಯಿತು. ಅವರು ಮುಖ ಆಚೆ ತಿರುಗಿಸಿ, ಸುಮಾರು ಹೊತ್ತು ಹೊಳೆಯ ಕಡೆ ನೋಡುತ್ತ ನಿಂತರು.

ಈಗ ಮಾವನೂ ಇಲ್ಲ, ಅತ್ತೆಯೂ ಇಲ್ಲ. ಬಾವ ಬಾರನ್ನು ಯಾರಿಗೋ ವಹಿಸಿ ದಾವಣಗೆರೆ ಸೇರಿದ್ದಾರೆ. ಆ ದಾರಿಯಲ್ಲಿ ಹೋದರೆ ಗಾಜಿನ ಬಾಗಿಲು, ಒಳಗೆ ಬಣ್ಣದ ದೀಪ. ಬಾಗಿಲಲ್ಲಿ ತೊಂಬತ್ತರ ಖಾಲಿ ರಟ್ಟಿನ ಪ್ಯಾಕೆಟ್ಟುಗಳು ಬಿದ್ದಿರುತ್ತವೆ, ಬಾಟ್ಲಿ ಕೂಡ ಅಲ್ಲ. ಮೂಲೆಗೆ ಹಾಕಿದ್ದ ಪಟ್ಟಿ ಬಾಟ್ಲಿಗಳನ್ನೆಲ್ಲ ಗುಜರಿಯವನಿಗೆ ಕೊಟ್ಟಾಗ ಒಂದನ್ನು ಮಾತ್ರ, ಬಟ್ಟಲಿನ ಸಮೇತ, ನಾನು ಸೀರೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದೆನಲ್ಲ, ಅದನ್ನೇ ಮರೆತಿದ್ದೆ.

ಪಾತ್ರೆಯವಳು ಹೋದ ಮೇಲೆ ಬಾಟ್ಲಿ, ಬಟ್ಟಲು ಎರಡನ್ನೂ ತೊಳೆದುಕೊಂಡು ಹಿತ್ತಲಿಗೆ ಹೋದೆ. ಒಗೆಯುವ ಕಲ್ಲು ಇನ್ನೂ ಅಲ್ಲೇ ಇದೆ. ಮಷಿನ್ ಬಂದ ಮೇಲೆ ಅದರ ಮೇಲೆ ಹೂವಿನ ಕುಂಡ ಇಟ್ಟಿದ್ದೇವೆ. ಕುಂಡ ಸರಿಸಿ ಬಾಟ್ಲಿ ನಿಲ್ಲಿಸಿದೆ. ಚೆಂಬಿನಲ್ಲಿ ನೀರು ತಂದೆ. ಯಾಕೆಂದು ಕೇಳಿದರೆ ಹೇಳಲಾರೆ. ಬಟ್ಟಲನ್ನು ಅಂಚುತನಕ ತುಂಬಿಸಿ, ಒಂದು ಹನಿಯೂ ಚೆಲ್ಲದ ಹಾಗೆ ಬಾಟ್ಲಿಗೆ ಸುರಿದೆ. ಸರಿಯಾಗಿ ಅರವತ್ತು. "ಲಾಭ" ಎಂದೆ, ಕಾಕಾನ ಹಾಗೆಯೇ.

ನೀರು ಅಲುಗಾಡಿ ನಿಂತಿತು. ಅವರ ಗೆರೆಗಿಂತ ಒಂದು ಚೂರು ಕೆಳಗೆ.

ಚೆಂಬು ನನ್ನ ಎಡಗೈಯಲ್ಲೇ ಇತ್ತು. ಬಗ್ಗಿಸಿದ್ದರೆ ತುಂಬುತ್ತಿತ್ತು. ಬಗ್ಗಿಸಲಿಲ್ಲ. ಆ ನೀರಿಗೂ ಗೆರೆಗೂ ನಡುವೆ ಖಾಲಿ ಉಳಿದ ಜಾಗವನ್ನು ನೋಡುತ್ತ ಕೂತೆ… ಅಷ್ಟು ಕಾಕಾ. ಅದನ್ನು ನಾನು ತುಂಬಿಸಿದರೆ ಬರೀ ನೀರಾಗುತ್ತಿತ್ತು.